ಪ್ರಯೋಗಾಲಯದಿಂದ ಹೊರಟ ದಾರಿಗಳು: ಕ್ಯಾನ್ಸರ್ ಸಂಶೋಧನೆ ಮತ್ತು ಪೋಸ್ಟ್‌ಡಾಕ್ ವೃತ್ತಿಯ ಇತಿಹಾಸ

ಪಿಎಚ್‌.ಡಿ. ಪದವಿ ಪಡೆದ ಮೇಲೆ, ಕಾಯಂ ಹುದ್ದೆ ಸಿಗುವವರೆಗೆ, ಹಿರಿಯ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲವು ವರ್ಷ ತಾತ್ಕಾಲಿಕವಾಗಿ ದುಡಿಯುವವರನ್ನು ಪೋಸ್ಟ್‌ಡಾಕ್ಟರಲ್ ಸಂಶೋಧಕರು, ಬಳಕೆಯ ಮಾತಿನಲ್ಲಿ ಪೋಸ್ಟ್‌ಡಾಕ್‌ಗಳು ಎಂದು ಕರೆಯಲಾಗುತ್ತದೆ. ಅಮೆರಿಕದ ಕ್ಯಾನ್ಸರ್ ಪ್ರಯೋಗಾಲಯಗಳಲ್ಲಿ ಜೀವಕೋಶಗಳನ್ನು ಬೆಳೆಸುವ, ಇಲಿಗಳ ಮೇಲೆ ಔಷಧವನ್ನು ಪರೀಕ್ಷಿಸುವ, ಜೀನುಗಳನ್ನು ಬೇರ್ಪಡಿಸಿ ಓದುವ ದಿನನಿತ್ಯದ ಕೆಲಸದ ದೊಡ್ಡ ಪಾಲು ಇವರ ಮತ್ತು ಪಿಎಚ್‌.ಡಿ. ವಿದ್ಯಾರ್ಥಿಗಳ ಕೈಯಲ್ಲಿ ನಡೆಯುತ್ತದೆ. ಹೀಗೆ ದುಡಿದವರಲ್ಲಿ ಹೆಚ್ಚಿನವರು ಮುಂದೆ ಪ್ರಾಧ್ಯಾಪಕರಾಗದೆ ಔಷಧ ಕಂಪನಿ, ಪೇಟೆಂಟ್ ಕಚೇರಿ, ವಿಜ್ಞಾನ ನಿಯತಕಾಲಿಕೆ, ಸರ್ಕಾರದ ನಿಯಂತ್ರಣ ಸಂಸ್ಥೆಗಳ ಕಡೆಗೆ ಹೊರಟುಹೋಗುತ್ತಾರೆ. ಈ ನಿರ್ಗಮನವನ್ನು ಒಬ್ಬೊಬ್ಬರ ಧೈರ್ಯದ ಕಥೆಯಾಗಿ, ಇಲ್ಲವೇ ಒಬ್ಬೊಬ್ಬರ ಸೋಲಿನ ಕಥೆಯಾಗಿ ಹೇಳುವ ರೂಢಿ ವಿಶ್ವವಿದ್ಯಾಲಯಗಳಲ್ಲಿ ಬೆಳೆದುಬಂದಿದೆ. ಕಾನೂನು, ಅನುದಾನ ಮತ್ತು ಉದ್ಯಮಗಳ ಇತಿಹಾಸವನ್ನು ಜೊತೆಗಿಟ್ಟು ನೋಡಿದರೆ ಈ ಎರಡು ಕಥೆಗಳೂ ಸಾಲದೆ ಹೋಗುತ್ತವೆ. ಕ್ಯಾನ್ಸರಿನ ಹೆಸರಿನಲ್ಲಿ ಹರಿದ ಸರ್ಕಾರಿ ಹಣವೇ ಪ್ರಯೋಗಾಲಯಗಳನ್ನು ಜನರಿಂದ ತುಂಬಿಸಿತು, ಅದೇ ಹಣದಿಂದ ಹುಟ್ಟಿದ ಜ್ಞಾನವೇ ಆ ಜನರಿಗೆ ಹೊರಗೆ ಕೆಲಸ ಕೊಡುವ ಉದ್ಯಮಗಳನ್ನೂ ಕಟ್ಟಿತು.

ಆರಂಭದಲ್ಲಿ ಈ ವ್ಯವಸ್ಥೆ ತೀರ ಚಿಕ್ಕದಾಗಿತ್ತು. 1876ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಆರಂಭವಾದಾಗ ಅದರ ಮೊದಲ ಅಧ್ಯಕ್ಷರಾದ ಡೇನಿಯಲ್ ಕಾಯ್ಟ್ ಗಿಲ್ಮನ್ ಅವರು, ಜರ್ಮನಿಯ ಸಂಶೋಧನಾ ವಿಶ್ವವಿದ್ಯಾಲಯಗಳ ಮಾದರಿಯನ್ನು ಎದುರಿಗಿಟ್ಟುಕೊಂಡು, ಪಾಠ ಹೇಳುವ ಹೊರೆಯಿಲ್ಲದೆ ಅಧ್ಯಯನ ನಡೆಸಲು ನೆರವಾಗುವ 20 ಫೆಲೋಷಿಪ್‌ಗಳನ್ನು ಘೋಷಿಸಿದರು. ಅವುಗಳಲ್ಲಿ ಕೆಲವು ಆಗಲೇ ಡಾಕ್ಟರೇಟ್ ಪಡೆದಿದ್ದವರಿಗೆ ಸಂದವು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನವು ಐದು ವರ್ಷಗಳ ಅವಧಿಗೆ 5 ಲಕ್ಷ ಡಾಲರ್ ಕೊಟ್ಟು, ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಮೂಲಕ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಹೊಸ ಡಾಕ್ಟರೇಟ್ ಪದವೀಧರರಿಗೆ ಫೆಲೋಷಿಪ್ ನೀಡುವ ಏರ್ಪಾಡು ಮಾಡಿತು. 1920ರ ದಶಕದಲ್ಲಿ ಅದು ವೈದ್ಯಕೀಯಕ್ಕೂ ಜೀವವಿಜ್ಞಾನಕ್ಕೂ ಹರಡಿತು. ಲೈನಸ್ ಪಾಲಿಂಗ್, ರಾಬರ್ಟ್ ಒಪೆನ್‌ಹೈಮರ್ ಅವರಂಥವರು ಈ ನೆರವು ಪಡೆದವರ ಸಾಲಿನಲ್ಲಿದ್ದಾರೆ. ಆ ಕಾಲದ ಫೆಲೋ ತನ್ನ ವಿಷಯವನ್ನು ತಾನೇ ಆರಿಸಿಕೊಳ್ಳುತ್ತಿದ್ದನು, ಹಣ ಅವನ ಹೆಸರಿಗೇ ಬರುತ್ತಿತ್ತು, ಒಂದೆರಡು ವರ್ಷಗಳಲ್ಲಿ ಅವನಿಗಾಗಿ ಬೋಧಕ ಹುದ್ದೆಯೊಂದು ಕಾದಿರುತ್ತಿತ್ತು. ಅದು ಆಯ್ದ ಕೆಲವರ ಮನ್ನಣೆಯಾಗಿತ್ತು, ಸಾಮೂಹಿಕ ವೃತ್ತಿಯಾಗಿರಲಿಲ್ಲ.

ಕ್ಯಾನ್ಸರ್ ಸಂಶೋಧನೆ ಈ ವ್ಯವಸ್ಥೆಯೊಳಗೆ ಬಂದದ್ದು 1937ರಲ್ಲಿ. ಆ ವರ್ಷದ ಆಗಸ್ಟ್ 5ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯನ್ನು ಸ್ಥಾಪಿಸಿತು, ವರ್ಷಕ್ಕೆ 7 ಲಕ್ಷ ಡಾಲರ್ ವೆಚ್ಚಕ್ಕೆ ಅನುಮತಿ ನೀಡಿತು, ಮತ್ತು ಹೊರಗಿನ ವಿಶ್ವವಿದ್ಯಾಲಯಗಳಿಗೆ ಅನುದಾನವನ್ನೂ ಯುವ ಸಂಶೋಧಕರಿಗೆ ಫೆಲೋಷಿಪ್‌ಗಳನ್ನೂ ಕೊಡುವ ಅಧಿಕಾರವನ್ನು ಅದಕ್ಕೆ ವಹಿಸಿತು. 1944ರಲ್ಲಿ ಈ ಸಂಸ್ಥೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ, ಅಂದರೆ ಎನ್‌ಐಎಚ್‌ನ, ಅಂಗವಾಯಿತು. ಮರುವರ್ಷ ವಿಜ್ಞಾನ ಆಡಳಿತಗಾರ ವ್ಯಾನೆವರ್ ಬುಷ್ ಅವರು ಸಲ್ಲಿಸಿದ ಪ್ರಸಿದ್ಧ ವರದಿಯು ಮೂಲವಿಜ್ಞಾನಕ್ಕೆ ಸರ್ಕಾರವೇ ಹಣ ಒದಗಿಸಬೇಕೆಂದು ವಾದಿಸಿದ ಮೇಲೆ ಅನುದಾನದ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತು. ಇಲ್ಲಿ ಅನುದಾನದ ರಚನೆಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ, ಏಕೆಂದರೆ ಮುಂದಿನ ಎಲ್ಲ ತೊಡಕುಗಳ ಬೇರು ಅಲ್ಲಿದೆ. ಸರ್ಕಾರವು ಹಣವನ್ನು ಒಂದು ನಿರ್ದಿಷ್ಟ ಯೋಜನೆಗೆ, ಆ ಯೋಜನೆಯ ಮುಖ್ಯ ಸಂಶೋಧಕರ ಹೆಸರಿನಲ್ಲಿ, ಕೆಲವೇ ವರ್ಷಗಳಿಗೆ ಮಂಜೂರು ಮಾಡುತ್ತದೆ. ಮುಖ್ಯ ಸಂಶೋಧಕರು ಆ ಹಣದಲ್ಲಿ ರಾಸಾಯನಿಕಗಳನ್ನು ಕೊಳ್ಳುವಂತೆಯೇ ಪೋಸ್ಟ್‌ಡಾಕ್‌ಗಳನ್ನೂ ನೇಮಿಸಿಕೊಳ್ಳುತ್ತಾರೆ. ಹೀಗೆ ತನ್ನ ಹೆಸರಿಗೆ ಫೆಲೋಷಿಪ್ ಪಡೆದವನ ಪಕ್ಕದಲ್ಲಿ, ಇನ್ನೊಬ್ಬರ ಅನುದಾನದಿಂದ ಸಂಬಳ ಪಡೆಯುವ ಮತ್ತೊಂದು ಬಗೆಯ ಪೋಸ್ಟ್‌ಡಾಕ್ ಹುಟ್ಟಿಕೊಂಡನು, ಮತ್ತು ಕೆಲವು ದಶಕಗಳಲ್ಲಿ ಸಂಖ್ಯೆಯಲ್ಲಿ ಮೊದಲನೆಯವನನ್ನು ಮೀರಿಸಿದನು. ಅವನು ವಿದ್ಯಾರ್ಥಿಯೂ ಅಲ್ಲ, ನೌಕರನೂ ಅಲ್ಲ, ಅಧ್ಯಾಪಕನಂತೂ ಅಲ್ಲವೇ ಅಲ್ಲ. ವಿಶ್ವವಿದ್ಯಾಲಯದ ಯಾವ ದಾಖಲೆಯಲ್ಲೂ ಅವನಿಗೆ ಸರಿಯಾದ ಕಲಮು ಇರಲಿಲ್ಲ. 1969ರಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಪೋಸ್ಟ್‌ಡಾಕ್ಟರಲ್ ಶಿಕ್ಷಣದ ಬಗ್ಗೆ ಪ್ರಕಟಿಸಿದ ಸಮೀಕ್ಷೆಗೆ ಅದೃಶ್ಯ ವಿಶ್ವವಿದ್ಯಾಲಯ ಎಂಬರ್ಥದ ಹೆಸರನ್ನಿಟ್ಟದ್ದು ಈ ಕಾರಣಕ್ಕೇ.

ಪ್ರಯೋಗಾಲಯ ಬಿಟ್ಟು ಉದ್ಯಮಕ್ಕೆ ಹೋಗುವುದು ಈ ಜನದಟ್ಟಣೆಗೆ ಮೊದಲೂ ಇತ್ತು, ಮತ್ತು ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದಲ್ಲಿ ಅದರ ಅತಿ ದೊಡ್ಡ ಉದಾಹರಣೆ ಭಾರತೀಯರೊಬ್ಬರದೇ ಆಗಿದೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು 1923ರಲ್ಲಿ ಬಾಸ್ಟನ್ ಸೇರಿ, ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕ್ ಅವರೊಡನೆ ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿದರು. ಸ್ನಾಯುಗಳು ಶಕ್ತಿಯನ್ನು ಬಳಸುವ ಬಗೆಯನ್ನು ತಿಳಿಸುವ ರಂಜಕದ ಸಂಯುಕ್ತಗಳನ್ನು ಗುರುತಿಸಿದರು. 1930ರಲ್ಲಿ ಪಿಎಚ್‌.ಡಿ. ಪಡೆದ ಮೇಲೂ ಹಾರ್ವರ್ಡ್ ಅವರಿಗೆ ಕಾಯಂ ಸ್ಥಾನ ಕೊಡಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಔಷಧ ಕಂಪನಿಗೆ ಹೋಗಿ ಅಲ್ಲಿನ ಸಂಶೋಧನೆಯ ನೇತೃತ್ವ ವಹಿಸಿದರು. ಅವರ ತಂಡ ಫೋಲಿಕ್ ಆಮ್ಲ ಎಂಬ ಜೀವಸತ್ವವನ್ನು ಕೃತಕವಾಗಿ ತಯಾರಿಸಿತು, ಬಳಿಕ ಆ ಜೀವಸತ್ವದ ಕೆಲಸವನ್ನು ತಡೆಯುವ ಅಮಿನೋಪ್ಟೆರಿನ್ ಎಂಬ ರಾಸಾಯನಿಕವನ್ನೂ ತಯಾರಿಸಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಅವರಿಗೆ ಕಳುಹಿಸಿತು. ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು ಫಾರ್ಬರ್ 1948ರ ಜೂನ್ ತಿಂಗಳಲ್ಲಿ ವರದಿ ಮಾಡಿದರು. ಆಗಸ್ಟ್ ತಿಂಗಳಲ್ಲಿ ಸುಬ್ಬರಾವ್ ತೀರಿಕೊಂಡರು. ಇಂದಿಗೂ ಬಳಕೆಯಲ್ಲಿರುವ ಮೆಥೋಟ್ರೆಕ್ಸೇಟ್ ಇದೇ ಕುಲದ ಔಷಧ. ವಿಶ್ವವಿದ್ಯಾಲಯದಲ್ಲಿ ಉಳಿದಿದ್ದರೆ ಇಷ್ಟು ಬಗೆಯ ರಾಸಾಯನಿಕಗಳನ್ನು ಇಷ್ಟು ಪ್ರಮಾಣದಲ್ಲಿ ತಯಾರಿಸಿ ಆಸ್ಪತ್ರೆಗೆ ಒದಗಿಸುವುದು ಅವರಿಗೆ ಸಾಧ್ಯವಾಗುತ್ತಿತ್ತೆಂದು ನಂಬುವುದು ಕಷ್ಟ. ಆದರೂ ಅವರ ಬದುಕನ್ನು ಬರೆಯುವವರು ಹಾರ್ವರ್ಡ್‌ನ ಅನ್ಯಾಯಕ್ಕೆ ಕೊಡುವಷ್ಟು ಪುಟಗಳನ್ನು ಪರ್ಲ್ ರಿವರ್‌ನ ಕಾರ್ಯಶಾಲೆಗೆ ಕೊಡುವುದು ವಿರಳ.

1971ರ ಡಿಸೆಂಬರ್ 23ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ರಾಷ್ಟ್ರೀಯ ಕ್ಯಾನ್ಸರ್ ಕಾಯಿದೆಗೆ ಸಹಿ ಹಾಕಿದರು. ಜನಬಳಕೆಯಲ್ಲಿ ಅದಕ್ಕೆ ಕ್ಯಾನ್ಸರ್ ವಿರುದ್ಧದ ಯುದ್ಧವೆಂಬ ಹೆಸರು ಬಂತು. ಸೇನೆಯು ಜೈವಿಕ ಅಸ್ತ್ರಗಳನ್ನು ತಯಾರಿಸುತ್ತಿದ್ದ ಫೋರ್ಟ್ ಡೆಟ್ರಿಕ್ ನೆಲೆಯ ಒಂದು ಭಾಗವೇ ಕ್ಯಾನ್ಸರ್ ಸಂಶೋಧನಾ ಕೇಂದ್ರವಾಗಿ ಬದಲಾಯಿತು. 1971ರಲ್ಲಿ ಸುಮಾರು 23 ಕೋಟಿ ಡಾಲರ್‌ಗಳಷ್ಟಿದ್ದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಬಜೆಟ್ 1980ರ ಹೊತ್ತಿಗೆ 100 ಕೋಟಿ ಡಾಲರ್‌ಗಳ ಹತ್ತಿರಕ್ಕೆ ಬಂದಿತು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ಪಾಲನೆಯಾಯಿತೆನ್ನಬೇಕು: ಡಾಲರ್‌ಗಳನ್ನು ಅಳೆದರು, ಆ ಡಾಲರ್‌ಗಳಿಂದ ತರಬೇತಾಗುವ ಮನುಷ್ಯರು ಹತ್ತು ವರ್ಷಗಳ ನಂತರ ಎಲ್ಲಿರಬೇಕೆಂಬುದನ್ನು ಅಳೆಯಲಿಲ್ಲ. ನಿಕ್ಸನ್ ಸರ್ಕಾರವೇ 1973ರಲ್ಲಿ ತರಬೇತಿಯ ಅನುದಾನಗಳನ್ನು ನಿಲ್ಲಿಸಲು ಹೊರಟಾಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದಕ್ಕೆ ಒಪ್ಪದೆ 1974ರಲ್ಲಿ ಹೊಸ ಕಾಯಿದೆಯೊಂದನ್ನು ತಂದಿತು. ಫೆಲೋಷಿಪ್ ಪಡೆದವರು ಬಳಿಕ ಸಂಶೋಧನೆ ಅಥವಾ ಬೋಧನೆಯಲ್ಲಿ ನಿಗದಿತ ಕಾಲ ಸೇವೆ ಸಲ್ಲಿಸಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು ಎಂಬ ಷರತ್ತು ಅದರಲ್ಲಿತ್ತು. ಪ್ರಯೋಗಾಲಯದ ಆಚೆ ಹೋಗುವುದನ್ನು ಸಾಲ ತೀರಿಸದೆ ಹೋಗುವುದೆಂಬಂತೆ ಕಾಣುವ ಮನೋಭಾವ ಕಾನೂನಿನ ಭಾಷೆಯಲ್ಲೇ ಅಡಗಿತ್ತೆಂಬುದಕ್ಕೆ ಈ ಷರತ್ತು ಸಾಕ್ಷಿ.

ಯುದ್ಧದ ಫಲ ನಿರೀಕ್ಷಿಸಿದ ಕಡೆಯಿಂದ ಬರಲಿಲ್ಲ. ಕ್ಯಾನ್ಸರಿಗೆ ವೈರಸ್ ಕಾರಣವೆಂಬ ಊಹೆಯ ಬೆನ್ನು ಹತ್ತಿದ್ದ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಬಿಷಪ್ ಅವರ ಪ್ರಯೋಗಾಲಯಕ್ಕೆ 1970ರಲ್ಲಿ ಹೆರಾಲ್ಡ್ ವಾರ್ಮಸ್ ಪೋಸ್ಟ್‌ಡಾಕ್ ಆಗಿ ಬಂದರು. ಬಳಿಕ ಫ್ರಾನ್ಸಿನಿಂದ ಪೋಸ್ಟ್‌ಡಾಕ್ ಆಗಿ ಬಂದ ಡೊಮಿನಿಕ್ ಸ್ಟೆಹೆಲಿನ್ ಅವರು, ಕೋಳಿಗಳಲ್ಲಿ ಗೆಡ್ಡೆ ತರುವ ವೈರಸ್ಸಿನ ಜೀನು ಆರೋಗ್ಯವಂತ ಹಕ್ಕಿಗಳ ಜೀವಕೋಶದಲ್ಲೇ ಇದೆಯೆಂದು ತೋರಿಸಿದ ಪ್ರಯೋಗಗಳಲ್ಲಿ ನಿರ್ಣಾಯಕ ಪಾತ್ರ ವಹಿಸಿದರು. ಆ ಲೇಖನ 1976ರಲ್ಲಿ ಅವರ ಹೆಸರನ್ನೇ ಮೊದಲಿಗಿಟ್ಟುಕೊಂಡು ಪ್ರಕಟವಾಯಿತು. ಕ್ಯಾನ್ಸರ್ ಹೊರಗಿನಿಂದ ಬರುವ ಶತ್ರುವಾಗಿರಬೇಕಿಲ್ಲ, ದೇಹದ ಸ್ವಂತ ಜೀನು ಕೆಟ್ಟಾಗಲೂ ಹುಟ್ಟಬಹುದು ಎಂಬ ಇಂದಿನ ತಿಳಿವಳಿಕೆಗೆ ಇದು ಬುನಾದಿ. 1989ರಲ್ಲಿ ಈ ಶೋಧಕ್ಕೆ ನೊಬೆಲ್ ಪ್ರಶಸ್ತಿ ಬಂದಾಗ ಅದು ಬಿಷಪ್ ಮತ್ತು ವಾರ್ಮಸ್ ಇಬ್ಬರಿಗೇ ಸಂದಿತು. ಸ್ಟೆಹೆಲಿನ್ ಬಹಿರಂಗವಾಗಿ ಪ್ರತಿಭಟಿಸಿದರು, ಫಲ ಸಿಗಲಿಲ್ಲ. ಪ್ರಶಸ್ತಿ ಸಮಿತಿಯ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಹಾಗಿರಲಿ. ಕೈಯ ಕೆಲಸ ಪೋಸ್ಟ್‌ಡಾಕ್‌ನದು, ಕಾರ್ಯಕ್ರಮ ಪ್ರಯೋಗಾಲಯದ ಮುಖ್ಯಸ್ಥರದು ಎಂಬ ವಿಂಗಡಣೆ ಅಷ್ಟರಲ್ಲಿ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ಆ ಪ್ರಸಂಗ ತಿಳಿಸುತ್ತದೆ.

ಅದೇ ನಗರದಲ್ಲಿ, ಅದೇ 1976ರಲ್ಲಿ, ಬಂಡವಾಳ ಹೂಡಿಕೆಯ ವ್ಯವಹಾರದಲ್ಲಿದ್ದ ರಾಬರ್ಟ್ ಸ್ವಾನ್ಸನ್ ಮತ್ತು ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹರ್ಬರ್ಟ್ ಬಾಯರ್ ಸೇರಿ ಜೆನೆಂಟೆಕ್ ಕಂಪನಿಯನ್ನು ಸ್ಥಾಪಿಸಿದರು. ಜೀನುಗಳನ್ನು ಕತ್ತರಿಸಿ ಬ್ಯಾಕ್ಟೀರಿಯಾಗಳೊಳಗೆ ಸೇರಿಸಿ ಅವುಗಳಿಂದ ಮನುಷ್ಯನಿಗೆ ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು ಅದರ ಉದ್ದೇಶ. ಕಂಪನಿಗೆ ಹೋದ ವಿಜ್ಞಾನಿ ಮೌನಿಯಾಗುತ್ತಾನೆ, ಅವನ ಶೋಧಗಳು ಬೀರುವಿನಲ್ಲಿ ಬೀಳುತ್ತವೆ ಎಂಬ ಹಳೆಯ ಅಂಜಿಕೆ ಆಗ ಪ್ರಬಲವಾಗಿತ್ತು. ತಮ್ಮಲ್ಲಿನ ವಿಜ್ಞಾನಿಗಳು ಸಂಶೋಧನೆಯನ್ನು ನಿಯತಕಾಲಿಕೆಗಳಲ್ಲಿ ಪ್ರಕಟಿಸಬೇಕೆಂದು ಬಾಯರ್ ಪಟ್ಟುಹಿಡಿದದ್ದರಿಂದ ಆ ಅಂಜಿಕೆ ಸಡಿಲಗೊಂಡು, ಪೋಸ್ಟ್‌ಡಾಕ್‌ಗಳ ಒಂದು ಪೀಳಿಗೆ ಅಲ್ಲಿಗೆ ಹೋಗಲು ಧೈರ್ಯ ಮಾಡಿತು. 1980 ಈ ಬದಲಾವಣೆಯ ವರ್ಷ. ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಮನುಷ್ಯ ಮಾರ್ಪಡಿಸಿದ ಸೂಕ್ಷ್ಮಜೀವಿಗೆ ಪೇಟೆಂಟ್ ಕೊಡಬಹುದೆಂದು ತೀರ್ಪಿತ್ತಿತು. ಆ ಮೊಕದ್ದಮೆಯ ಕೇಂದ್ರದಲ್ಲಿದ್ದ ಆನಂದ ಚಕ್ರವರ್ತಿ ಅವರು ಬಂಗಾಳದಿಂದ ಬಂದು, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್ ಆಗಿದ್ದು, ನಂತರ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದವರು. ಅಕ್ಟೋಬರ್‌ನಲ್ಲಿ ಜೆನೆಂಟೆಕ್ ಸಾರ್ವಜನಿಕರಿಗೆ ಷೇರು ಮಾರಿದಾಗ 35 ಡಾಲರ್‌ಗಳ ಷೇರು ಒಂದು ಗಂಟೆಯೊಳಗೆ 88 ಡಾಲರ್ ಮುಟ್ಟಿತು. ಡಿಸೆಂಬರ್‌ನಲ್ಲಿ ಬಂದ ಬೇ-ಡೋಲ್ ಕಾಯಿದೆಯು ಸರ್ಕಾರಿ ಅನುದಾನದಿಂದ ನಡೆದ ಶೋಧಗಳ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಂಡು ಕಂಪನಿಗಳಿಗೆ ಪರವಾನಗಿ ಕೊಡಲು ಅವಕಾಶ ಮಾಡಿತು. ಇದರಿಂದ ಜೀವಕೋಶವೂ ಕಾನೂನೂ ಎರಡೂ ಗೊತ್ತಿರುವ ಜನ ಬೇಕಾದರು, ಮತ್ತು ಅಮೆರಿಕದಲ್ಲಿ ಪೇಟೆಂಟ್ ಏಜೆಂಟ್ ಆಗಲು ಕಾನೂನು ಪದವಿ ಬೇಕಿಲ್ಲದ ಕಾರಣ, ಪರೀಕ್ಷೆಯೊಂದನ್ನು ಪಾಸು ಮಾಡಿದ ಪೋಸ್ಟ್‌ಡಾಕ್‌ಗಳಿಗೆ ಆ ಬಾಗಿಲು ನೇರವಾಗಿ ತೆರೆಯಿತು.

ಹರ್-2 ಎಂಬ ಜೀನಿನ ಕಥೆಯಲ್ಲಿ ವಿಶ್ವವಿದ್ಯಾಲಯ ಮತ್ತು ಕಂಪನಿ ಎಂಬ ಎರಡು ಲೋಕಗಳ ಸಂಬಂಧ ಬೇರೆಲ್ಲೂ ಕಾಣದಷ್ಟು ನಿಚ್ಚಳವಾಗಿ ಕಾಣಿಸುತ್ತದೆ. ಎಂಐಟಿಯ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ ಆಗಿದ್ದ ಭಾರತದ ಲಕ್ಷ್ಮೀಚರಣ ಪಾಢಿ ಮತ್ತು ಸಂಗಡಿಗರು ಇಲಿಗಳ ನರಕೋಶದ ಗೆಡ್ಡೆಯಿಂದ ಕ್ಯಾನ್ಸರ್ ಜೀನೊಂದನ್ನು ಹಿಡಿದು 1982ರಲ್ಲಿ ಪ್ರಕಟಿಸಿದರು. ನ್ಯೂ ಎಂಬ ಹೆಸರು ಪಡೆದ ಆ ಜೀನು ತಯಾರಿಸುವ ಪ್ರೋಟೀನು ಜೀವಕೋಶದ ಹೊರಮೈಯಲ್ಲಿ ಚಾಚಿಕೊಂಡಿರುತ್ತದೆ, ಹೀಗಾಗಿ ಔಷಧಕ್ಕೆ ಸುಲಭವಾಗಿ ಸಿಗುತ್ತದೆ. ಅದನ್ನು ಗುರುತಿಸುವ ಪ್ರತಿಕಾಯ, ಅಂದರೆ ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನು, ಆ ಪ್ರಯೋಗಾಲಯದಲ್ಲೇ ಇತ್ತು. ಆದರೆ ಅದನ್ನು ಔಷಧವಾಗಿಸುವ ಯೋಚನೆ ಅಲ್ಲಿ ಬೆಳೆಯಲಿಲ್ಲ. ಪಾಢಿ ಅವರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಇತ್ತ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಪೋಸ್ಟ್‌ಡಾಕ್ ಮುಗಿಸಿ ಜೆನೆಂಟೆಕ್ ಸೇರಿದ್ದ ಜರ್ಮನಿಯ ಆಕ್ಸೆಲ್ ಉಲ್‌ರಿಕ್ ಅವರ ತಂಡ 1985ರಲ್ಲಿ ಮನುಷ್ಯನಲ್ಲಿ ಅದೇ ಜೀನನ್ನು, ಅಂದರೆ ಹರ್-2 ಅನ್ನು, ವರ್ಣಿಸಿತು. ಕೆಲವು ಸ್ತನಕ್ಯಾನ್ಸರ್‌ಗಳಲ್ಲಿ ಅದರ ಪ್ರತಿಗಳು ಹೆಚ್ಚಾಗಿರುತ್ತವೆ, ಅಂಥವರ ಕಾಯಿಲೆ ಹೆಚ್ಚು ಉಗ್ರವಾಗಿರುತ್ತದೆ ಎಂಬುದನ್ನು ಲಾಸ್ ಏಂಜಲೀಸ್‌ನ ವೈದ್ಯ ಡೆನಿಸ್ ಸ್ಲಾಮನ್ ತೋರಿಸಿದರು. ಕಂಪನಿಯೊಳಗೆ ಹಿಂಜರಿಕೆ, ವಾದವಿವಾದಗಳ ನಡುವೆ ಸಾಗಿದ ಕೆಲಸ 1998ರ ಸೆಪ್ಟೆಂಬರ್‌ನಲ್ಲಿ ಹರ್ಸೆಪ್ಟಿನ್ ಎಂಬ ಔಷಧವಾಗಿ ಅನುಮೋದನೆ ಪಡೆಯಿತು. ಈ ಸರಣಿಯ ಮುಂದಿನ ಕೊಂಡಿ ಬೆಂಗಳೂರಿನಲ್ಲಿದೆ. 1978ರಲ್ಲಿ ಕಿಣ್ವಗಳ ತಯಾರಿಕೆಯಿಂದ ಆರಂಭವಾದ ಬಯೋಕಾನ್ ಕಂಪನಿ ಹರ್ಸೆಪ್ಟಿನ್‌ನ ಸಮಾನ ಔಷಧವನ್ನು, ಅಂದರೆ ಮೂಲ ಜೈವಿಕ ಔಷಧಕ್ಕೆ ಗುಣದಲ್ಲೂ ಪರಿಣಾಮದಲ್ಲೂ ಹೊಂದುವ ಬಯೋಸಿಮಿಲರ್ ಅನ್ನು, 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಮೈಲಾನ್ ಕಂಪನಿಯ ಜೊತೆಗೂಡಿ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮೋದನೆಯನ್ನೂ ಪಡೆಯಿತು. ಇಂಥ ಔಷಧಗಳನ್ನು ಬೆಳೆಸಿ, ಶುದ್ಧೀಕರಿಸಿ, ಮೂಲದೊಂದಿಗೆ ಹೋಲಿಸಿ ನೋಡುವ ಪಾಂಡಿತ್ಯವನ್ನು ಬೇಡುವ ಕೆಲಸಗಳು ಬೆಂಗಳೂರಿನಲ್ಲಿ ಹುಟ್ಟಿದ್ದು ಈ ದಾರಿಯಿಂದ.

ಕಂಪನಿಯೊಂದೇ ದಾರಿಯಾಗಿರಲಿಲ್ಲ. ಔಷಧ ಕೆಲಸ ಮಾಡುತ್ತದೆಂದು ತಯಾರಕರೇ ಸಾಬೀತುಪಡಿಸಬೇಕೆಂದು 1962ರಲ್ಲಿ ಅಮೆರಿಕದ ಕಾನೂನು ಕಡ್ಡಾಯ ಮಾಡಿದಂದಿನಿಂದ ಒಂದೊಂದು ಔಷಧದ ಹಿಂದೆಯೂ ಸಾವಿರಾರು ಪುಟಗಳ ದಾಖಲೆ ಬೆಳೆಯಿತು. ಅದನ್ನು ಬರೆಯುವವರು ವೈದ್ಯಕೀಯ ಬರಹಗಾರರಾದರು, ಅದನ್ನು ಸರ್ಕಾರದ ಮುಂದಿಟ್ಟು ವಾದಿಸುವವರು ನಿಯಂತ್ರಣ ವ್ಯವಹಾರಗಳ ತಜ್ಞರಾದರು, 1992ರಲ್ಲಿ ಕಂಪನಿಗಳಿಂದ ಶುಲ್ಕ ಪಡೆಯಲು ಅನುಮತಿ ದೊರೆತ ಮೇಲೆ ಸರ್ಕಾರಿ ಔಷಧ ನಿಯಂತ್ರಣ ಸಂಸ್ಥೆಯೂ ಅದನ್ನು ಓದಿ ತೀರ್ಮಾನಿಸಲು ನೂರಾರು ಪರಿಶೀಲಕರನ್ನು ನೇಮಿಸಿಕೊಂಡಿತು. 1967ರಲ್ಲಿ ಅಪ್‌ಜಾನ್ ಕಂಪನಿ ವೈದ್ಯರೊಡನೆ ವಿಜ್ಞಾನದ ಮಟ್ಟದಲ್ಲಿ ಮಾತಾಡಬಲ್ಲ ಪ್ರತಿನಿಧಿಗಳ ಹುದ್ದೆಯನ್ನು ಆರಂಭಿಸಿತು. 1973ರಲ್ಲಿ ವಿಜ್ಞಾನಿಗಳನ್ನು ಸಂಸತ್ತಿನ ಕಚೇರಿಗಳಿಗೆ ಒಂದು ವರ್ಷದ ಮಟ್ಟಿಗೆ ಕಳಿಸುವ ಫೆಲೋಷಿಪ್ ಏಳು ಜನರೊಂದಿಗೆ ಶುರುವಾಯಿತು. 1974ರಲ್ಲಿ ಬೆಂಜಮಿನ್ ಲೆವಿನ್ ಆರಂಭಿಸಿದ ಸೆಲ್ ನಿಯತಕಾಲಿಕೆಯಂಥ ಕಡೆಗಳಲ್ಲಿ, ಸಂಶೋಧನೆಯನ್ನು ಬಿಟ್ಟು ಸಂಪಾದಕತ್ವವನ್ನೇ ಪೂರ್ಣಾವಧಿ ವೃತ್ತಿಯಾಗಿ ಹಿಡಿದವರ ಕಾಲ ಬಂತು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ 1987ರಲ್ಲಿ ಕ್ಯಾನ್ಸರ್ ತಡೆಗಟ್ಟುವಿಕೆಯ ಫೆಲೋಷಿಪ್ ಆರಂಭಿಸಿ, ಸಾರ್ವಜನಿಕ ಆರೋಗ್ಯದ ಪದವಿಯನ್ನೂ ಕೊಡಿಸಿ, ಕೆಲವರನ್ನು ಪ್ರಯೋಗಾಲಯದಿಂದ ಜನಸಮುದಾಯದ ಕಡೆಗೆ ತಿರುಗಿಸಿತು.

ಇಷ್ಟೆಲ್ಲ ಬಾಗಿಲುಗಳಿದ್ದರೂ ಒಳಗಿನ ದಟ್ಟಣೆ ಕಡಿಮೆಯಾಗಲಿಲ್ಲ. ಒಂದು ಲೆಕ್ಕದ ಪ್ರಕಾರ, ಜೀವವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಆರು ವರ್ಷಗಳೊಳಗೆ ಕಾಯಂ ಆಗುವ ಸಾಧ್ಯತೆಯುಳ್ಳ ಬೋಧಕ ಹುದ್ದೆಗೆ ಸೇರಿದವರು 1973ರಲ್ಲಿ ಶೇ. 55 ಇದ್ದರೆ 2006ರಲ್ಲಿ ಶೇ. 15 ಇದ್ದರು. ಪ್ರಿನ್ಸ್‌ಟನ್‌ನ ಜೀವವಿಜ್ಞಾನಿ ಶರ್ಲಿ ಟಿಲ್ಗ್‌ಮನ್ ಅಧ್ಯಕ್ಷತೆಯ ಸಮಿತಿ 1998ರಲ್ಲಿ ಪಿಎಚ್‌.ಡಿ. ಸೇರ್ಪಡೆಯ ಏರಿಕೆಗೆ ಕಡಿವಾಣ ಬೇಕೆಂದು ಸ್ಪಷ್ಟವಾಗಿ ಎಚ್ಚರಿಸಿತು. ಅದೇ ವರ್ಷದಿಂದ ಎನ್‌ಐಎಚ್‌ನ ಬಜೆಟ್ ಏರತೊಡಗಿ 2003ರ ಹೊತ್ತಿಗೆ ಸುಮಾರು 1,360 ಕೋಟಿ ಡಾಲರ್‌ಗಳಿಂದ 2,700 ಕೋಟಿ ಡಾಲರ್‌ಗಳಿಗೆ ಮುಟ್ಟಿತು. ಹಣ ಕಂಡಾಗ ವರದಿ ಯಾರಿಗೂ ಕಾಣಲಿಲ್ಲ. ಏರಿಕೆ ನಿಂತಾಗ ನೇಮಕಗೊಂಡಿದ್ದ ಪೋಸ್ಟ್‌ಡಾಕ್‌ಗಳು ಅಲ್ಲೇ ಉಳಿದರು. 2014ರಲ್ಲಿ ಬ್ರೂಸ್ ಆಲ್ಬರ್ಟ್ಸ್, ಮಾರ್ಕ್ ಕಿರ್ಶ್ನರ್, ಟಿಲ್ಗ್‌ಮನ್ ಮತ್ತು ವಾರ್ಮಸ್ ಸೇರಿ ಬರೆದ ಲೇಖನ ಈ ವ್ಯವಸ್ಥೆಯೇ ದೋಷಪೂರ್ಣವೆಂದು ಸಾರಿತು. ಆಗ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನಿರ್ದೇಶಕರಾಗಿದ್ದವರು ವಾರ್ಮಸ್ ಅವರೇ ಎಂಬುದು ಗಮನಾರ್ಹ.

ಹೊರಗಿನಿಂದ ಬಂದವರಿಗೆ ಬಾಗಿಲು ಇನ್ನೂ ಕಿರಿದು. ಅಮೆರಿಕದ ಪೋಸ್ಟ್‌ಡಾಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಾತ್ಕಾಲಿಕ ವೀಸಾದಲ್ಲಿರುವ ವಿದೇಶೀಯರು. ಕರ್ನಾಟಕದ ವಿಶ್ವವಿದ್ಯಾಲಯಗಳಿಂದಲೂ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಿಂದಲೂ ಹೋದವರು ಅವರಲ್ಲಿ ಸೇರಿದ್ದಾರೆ. ನುರಿತ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾದ ವಾರ್ಷಿಕ ಮಿತಿಯಿಂದ 2000ದ ಕಾನೂನು ವಿಶ್ವವಿದ್ಯಾಲಯಗಳಿಗೆ ವಿನಾಯಿತಿ ಕೊಟ್ಟಿತು, ಖಾಸಗಿ ಕಂಪನಿಗಳಿಗೆ ಕೊಡಲಿಲ್ಲ. ಪರಿಣಾಮವಾಗಿ, ಪ್ರಯೋಗಾಲಯದಲ್ಲಿ ಉಳಿಯುವುದು ಕಾನೂನಿನ ದೃಷ್ಟಿಯಿಂದ ಸುಲಭ, ಹೊರಗೆ ಹೋಗುವುದು ಲಾಟರಿ. ಅಮೆರಿಕದ ಪೌರರಾದ ಪೋಸ್ಟ್‌ಡಾಕ್‌ಗಳಿಗೆ ಬರೆದ ವೃತ್ತಿ ಸಲಹೆಯ ಪುಸ್ತಕಗಳು ಈ ಭೇದವನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಇಳಿಸುತ್ತವೆ.

ಬದಲಾವಣೆ ಕೊನೆಗೆ ಸಂಘಟನೆಯಿಂದಲೂ ಬಂತು. 2003ರಲ್ಲಿ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಸಂಘ ಸ್ಥಾಪನೆಯಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೋಸ್ಟ್‌ಡಾಕ್‌ಗಳು ಕಾರ್ಮಿಕ ಸಂಘ ಕಟ್ಟಿ 2010ರಲ್ಲಿ ಮೊದಲ ಒಪ್ಪಂದ ಪಡೆದರು. 2013ರಿಂದ ಎನ್‌ಐಎಚ್ 17 ಸಂಸ್ಥೆಗಳಿಗೆ ಹಣ ಕೊಟ್ಟು ಪ್ರಯೋಗಾಲಯದ ಆಚೆಯ ವೃತ್ತಿಗಳ ಪರಿಚಯವನ್ನು ತರಬೇತಿಯ ಭಾಗವಾಗಿಸಲು ಯತ್ನಿಸಿತು. 2023ರ ಡಿಸೆಂಬರ್‌ನಲ್ಲಿ ಅದರ ಸಲಹಾ ತಂಡವು ಕನಿಷ್ಠ 70,000 ಡಾಲರ್ ವಾರ್ಷಿಕ ವೇತನವನ್ನೂ ಐದು ವರ್ಷಗಳ ಮಿತಿಯನ್ನೂ ಶಿಫಾರಸು ಮಾಡಿತು. 2024ರಲ್ಲಿ ಜಾರಿಯಾದ ಆರಂಭಿಕ ಮೊತ್ತ 61,008 ಡಾಲರ್.

ಭಾರತ ಸರ್ಕಾರ ಈ ಪ್ರಶ್ನೆಯನ್ನು ಬಹುಕಾಲ ವಾಪಸಾತಿಯ ಪ್ರಶ್ನೆಯಾಗಿ ಮಾತ್ರ ಕಂಡಿತು. 1958ರಲ್ಲಿ ಆರಂಭವಾದ ಸೈಂಟಿಸ್ಟ್ಸ್ ಪೂಲ್ ಯೋಜನೆ ವಿದೇಶದಿಂದ ಮರಳಿದವರಿಗೆ ತಾತ್ಕಾಲಿಕ ನೆಲೆ ಕೊಡುವ ಏರ್ಪಾಡಾಗಿತ್ತು. ಬಹಳ ಕಾಲದ ನಂತರ ಬಂದ ರಾಮಲಿಂಗಸ್ವಾಮಿ ಫೆಲೋಷಿಪ್‌ನ ಉದ್ದೇಶವೂ ಅದೇ. ಮರಳಿದವರು ಪ್ರಯೋಗಾಲಯಕ್ಕೇ ಮರಳುತ್ತಾರೆಂಬ ಊಹೆ ಎರಡರ ಹಿಂದೆಯೂ ಇದೆ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳೂ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರವೂ ಸೇರಿ, ತಮ್ಮಲ್ಲಿ ಪಿಎಚ್‌.ಡಿ. ಮತ್ತು ಪೋಸ್ಟ್‌ಡಾಕ್ ಮಾಡಿದವರು ಎಷ್ಟು ವರ್ಷ ಇದ್ದರು, ಮುಂದೆ ಯಾವ ವೃತ್ತಿ ಹಿಡಿದರು ಎಂಬ ಅಂಕಿಅಂಶಗಳನ್ನು ಬಹಿರಂಗಪಡಿಸುವುದಾಗಿ ಘೋಷಿಸಿದವು. ಬೆಂಗಳೂರು, ಮುಂಬಯಿ, ಹೈದರಾಬಾದುಗಳ ಸಂಶೋಧನಾ ಸಂಸ್ಥೆಗಳೂ ಹೊಸ ಪೋಸ್ಟ್‌ಡಾಕ್‌ಗಳನ್ನು ಕರೆಯುವ ಪ್ರತಿಯೊಂದು ಪ್ರಕಟಣೆಯ ಜೊತೆಗೆ, ಹಿಂದಿನ ಹತ್ತು ವರ್ಷಗಳಲ್ಲಿ ತಮ್ಮಲ್ಲಿ ದುಡಿದವರು ಈಗ ಯಾವ ಯಾವ ವೃತ್ತಿಯಲ್ಲಿದ್ದಾರೆಂಬ ಪಟ್ಟಿಯನ್ನು ಲಗತ್ತಿಸಬೇಕು.